ಕದ್ದ ಸಮಯಕ್ಕೆ ವೇಗವೆಂಬ ಹೆಸರು

ಬೆಂಗಳೂರಿನಲ್ಲಿ ಎಂಬೆಡೆಡ್ ಲಿನಕ್ಸ್ ಕೆಲಸದ ಇಂಟರ್‌ವ್ಯೂಗೆ ತಯಾರಿ ನಡೆಸಿದವರಿಗೆಲ್ಲ ಒಂದು ಪ್ರಶ್ನೆ ಗೊತ್ತು: ಟಾಸ್ಕ್‌ಲೆಟ್‌ಗೂ ವರ್ಕ್‌ಕ್ಯೂಗೂ ಏನು ವ್ಯತ್ಯಾಸ? ಉತ್ತರ ಬಾಯಿಪಾಠ. ಟಾಸ್ಕ್‌ಲೆಟ್ ನಿದ್ದೆ ಮಾಡುವಂತಿಲ್ಲ, ಆದರೆ ವೇಗ. ವರ್ಕ್‌ಕ್ಯೂ ನಿದ್ದೆ ಮಾಡಬಹುದು, ಆದರೆ ನಿಧಾನ. ಕೇಳಿದವರು ತಲೆಯಾಡಿಸಿ ಮುಂದಿನ ಪ್ರಶ್ನೆಗೆ ಹೋಗುತ್ತಾರೆ. ಆ ವೇಗ ಯಾರಿಗೆ, ಯಾರ ಖರ್ಚಿನಲ್ಲಿ ಎಂಬ ಮರುಪ್ರಶ್ನೆ ಬರುವುದಿಲ್ಲ. ಹೀಗೆ ಕಲಿತವರೇ ಆಮೇಲೆ ಡ್ರೈವರ್ ಬರೆಯುತ್ತಾರೆ, ಇನ್ನೊಬ್ಬರ ಡ್ರೈವರ್ ಪರಿಶೀಲಿಸುತ್ತಾರೆ. ಹಳೆಯ ಟಾಸ್ಕ್‌ಲೆಟ್ ಒಂದನ್ನು ಥ್ರೆಡ್‌ಗೆ ಬದಲಿಸೋಣ ಎಂದು ಯಾರಾದರೂ ಪ್ಯಾಚ್ ಕಳಿಸಿದರೆ ‘ಲೇಟೆನ್ಸಿ ಜಾಸ್ತಿಯಾಗುತ್ತೆ’ ಎಂದು ಎರಡು ಪದದಲ್ಲಿ ಮಾತು ಮುಗಿಸುತ್ತಾರೆ. ನನ್ನ ತಕರಾರು ಈ ಎರಡು ಪದಗಳ ಮೇಲೆ.

ವಿಷಯ ಇಷ್ಟು. ನೆಟ್‌ವರ್ಕ್ ಕಾರ್ಡೋ ಟಚ್‌ಸ್ಕ್ರೀನೋ ಇಂಟರಪ್ಟ್ ಕೊಟ್ಟಾಗ ಪ್ರೊಸೆಸರ್ ಕೈಯಲ್ಲಿದ್ದ ಕೆಲಸ ಬಿಟ್ಟು ಡ್ರೈವರಿನ ಹ್ಯಾಂಡ್ಲರ್‌ಗೆ ಓಡುತ್ತದೆ. ಆ ಹೊತ್ತಿನಲ್ಲಿ ಆ ಪ್ರೊಸೆಸರಿಗೆ ಬೇರೆ ಇಂಟರಪ್ಟ್ ಮುಟ್ಟುವುದಿಲ್ಲ. ಹಾಗಾಗಿ ಹ್ಯಾಂಡ್ಲರ್ ತುರ್ತಿನದ್ದನ್ನಷ್ಟೇ ಮಾಡಿ ಉಳಿದದ್ದನ್ನು ಮುಂದಕ್ಕೆ ಹಾಕಬೇಕು. ಮುಂದಕ್ಕೆ ಹಾಕಿದ್ದನ್ನು ಎಲ್ಲಿ ಮಾಡಬೇಕು ಎಂಬುದೇ ಜಗಳ. ಲಿನಕ್ಸ್‌ನಲ್ಲಿ ಮೊದಲಿದ್ದದ್ದು ಬಾಟಮ್ ಹಾಫ್: ಇಡೀ ಯಂತ್ರಕ್ಕೆ 32 ಜಾಗ, ಎಷ್ಟೇ ಪ್ರೊಸೆಸರ್ ಇದ್ದರೂ ಒಂದು ಸಲಕ್ಕೆ ಒಂದೇ ಓಡಬೇಕು. 2000ದ ಆಸುಪಾಸಿನಲ್ಲಿ 2.3 ಸರಣಿ ಆ ಇಕ್ಕಟ್ಟನ್ನು ಬಿಡಿಸಿ ಸಾಫ್ಟ್‌ಐಆರ್‌ಕ್ಯೂ ಮತ್ತು ಅದರ ಬೆನ್ನ ಮೇಲೆ ಕೂತ ಟಾಸ್ಕ್‌ಲೆಟ್‌ಗಳನ್ನು ತಂದಿತು. 2002ರಲ್ಲಿ, ಕೆಲಸವನ್ನು ಕರ್ನಲ್ ಥ್ರೆಡ್‌ಗಳಿಗೆ ಒಪ್ಪಿಸುವ ವರ್ಕ್‌ಕ್ಯೂ ಬಂತು. 2009ರಲ್ಲಿ, 2.6.30ರಲ್ಲಿ, ಥಾಮಸ್ ಗ್ಲೈಕ್ಸ್‌ನರ್ ರಿಯಲ್‌ಟೈಮ್ ಮರದಿಂದ ತಂದ ಥ್ರೆಡೆಡ್ ಇಂಟರಪ್ಟ್ ಸೇರಿತು. ಅದರಲ್ಲಿ ಪ್ರತಿ ಇಂಟರಪ್ಟ್‌ಗೂ ಸ್ವಂತದ ಕರ್ನಲ್ ಥ್ರೆಡ್ ಇರುತ್ತದೆ, ಮುಂದೂಡಿದ ಕೆಲಸ ಅದರೊಳಗೆ ನಡೆಯುತ್ತದೆ.

ಡ್ರೈವರ್ ಬರೆಯುವವರ ಕೈಪಿಡಿ ಎಂದೇ ಹೆಸರಾದ ಕಾರ್ಬೆಟ್, ರುಬಿನಿ, ಕ್ರೋ-ಹಾರ್ಟ್‌ಮನ್ ಅವರ ಪುಸ್ತಕದ ಮೂರನೇ ಆವೃತ್ತಿ ಬಂದದ್ದು 2005ರಲ್ಲಿ, ಕರ್ನಲ್ 2.6.10 ಆಧರಿಸಿ. ಟಾಸ್ಕ್‌ಲೆಟ್ ವೇಗ, ವರ್ಕ್‌ಕ್ಯೂ ತಡ ಎಂಬ ಹೋಲಿಕೆ ಅದರಲ್ಲಿದೆ, ಅಂದಿಗೆ ಅದು ಸರಿಯಾಗಿಯೂ ಇತ್ತು. ನಾಲ್ಕು ವರ್ಷ ಬಿಟ್ಟು ಬಂದ ಮೂರನೆಯ ದಾರಿ ಆ ಪುಸ್ತಕದಲ್ಲಿ ಇರಲು ಸಾಧ್ಯವೇ ಇಲ್ಲ. ನಮ್ಮ ತರಬೇತಿ ಕೇಂದ್ರಗಳ ನೋಟ್ಸ್ ಇವತ್ತಿಗೂ ಬಹುಮಟ್ಟಿಗೆ ಅಲ್ಲೇ ನಿಂತಿವೆ. ಎರಡೇ ಆಯ್ಕೆ ಇದ್ದಾಗಿನ ಹೋಲಿಕೆಯನ್ನು ಮೂರನೆಯದು ಬಂದ ಮೇಲೂ ಉರು ಹೊಡೆಯುತ್ತಿದ್ದೇವೆ.

ಈಗ ವೇಗದ ಲೆಕ್ಕಕ್ಕೆ ಬರೋಣ. ಟಾಸ್ಕ್‌ಲೆಟ್ ಬೇಗ ಓಡುವುದು ಏಕೆ? ಇಂಟರಪ್ಟ್ ಮುಗಿದು ಪ್ರೊಸೆಸರ್ ಹಿಂದಿನ ಕೆಲಸಕ್ಕೆ ಮರಳುವ ಮೊದಲೇ, ಶೆಡ್ಯೂಲರನ್ನು ಒಂದು ಮಾತೂ ಕೇಳದೆ, ಅಲ್ಲೇ ನುಗ್ಗಿ ಓಡುತ್ತದೆ ಎಂಬ ಕಾರಣಕ್ಕೆ. ಅಂದರೆ ಅದು ಉಳಿಸಿದ ಸಮಯ ಅಲ್ಲ. ಆ ಗಳಿಗೆಯಲ್ಲಿ ಆ ಪ್ರೊಸೆಸರಿನ ಮೇಲೆ ಯಾವ ಪ್ರೊಸೆಸ್ ಓಡುತ್ತಿತ್ತೋ ಆ ಬಡಪಾಯಿಯ ಪಾಲಿನ ಸಮಯ. ಪಕ್ಕದ ಮನೆಯ ಮೀಟರಿನಿಂದ ತಂತಿ ಎಳೆದುಕೊಂಡು ‘ನಮ್ಮನೆಗೆ ಬಿಲ್ಲೇ ಬರಲ್ಲ’ ಎಂದು ಬೀಗಿದ ಹಾಗೆ. ಯಾವ ಡ್ರೈವರ್ ಎಷ್ಟು ತಿಂದಿತು ಎಂದು ನೋಡಹೋದರೆ ಟಾಪ್ ಆಜ್ಞೆ ಸಾಫ್ಟ್‌ಐಆರ್‌ಕ್ಯೂಗೆಲ್ಲ ಸೇರಿಸಿ ಒಂದು ಶೇಕಡಾವಾರು ತೋರಿಸುತ್ತದೆ, ಮುಗಿಯಿತು. ಆದ್ಯತೆ ಇಳಿಸಲು ಬರುವುದಿಲ್ಲ, ಬೇರೆ ಪ್ರೊಸೆಸರಿಗೆ ಕಳಿಸಲು ಬರುವುದಿಲ್ಲ. ಒಂದು ಟಾಸ್ಕ್‌ಲೆಟ್ ನಿಧಾನವಾದರೆ ಅದೇ ಪ್ರೊಸೆಸರಿನ ಸಾಲಿನಲ್ಲಿ ಹಿಂದೆ ನಿಂತವೆಲ್ಲ ಕಾಯಬೇಕು.

ಇದು ಹೊಸ ಜ್ಞಾನವೇನೂ ಅಲ್ಲ. ಜೆಫ್ರಿ ಮೊಗುಲ್ ಮತ್ತು ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದ ಕೆ. ಕೆ. ರಾಮಕೃಷ್ಣನ್ 1996ರಲ್ಲೇ ಪ್ರಬಂಧ ಬರೆದು ತೋರಿಸಿದ್ದರು: ಇಂಟರಪ್ಟ್‌ಗೆ ಎಲ್ಲಕ್ಕಿಂತ ಮೇಲಿನ ಪಾಲು ಕೊಟ್ಟ ಯಂತ್ರ, ಪ್ಯಾಕೆಟ್‌ಗಳ ದಾಳಿ ಒಂದು ಮಟ್ಟ ಮೀರಿದರೆ, ಅವುಗಳನ್ನು ಬರಮಾಡಿಕೊಳ್ಳುವುದರಲ್ಲೇ ಸವೆದು ಒಂದನ್ನೂ ಗುರಿ ಮುಟ್ಟಿಸದೆ ಎಸೆಯುತ್ತ ಕೂರುತ್ತದೆ. ಪರಿಹಾರವಾಗಿ ಅವರು ಕೇಳಿದ್ದು ಮಿತಿ: ಇಷ್ಟೇ ಪ್ಯಾಕೆಟ್, ಆಮೇಲೆ ಬೇರೆಯವರಿಗೂ ಬಿಡು. ಲಿನಕ್ಸ್‌ನಲ್ಲಿ ಪ್ಯಾಕೆಟ್ ಬರಮಾಡಿಕೊಳ್ಳುವ ವ್ಯವಸ್ಥೆಯಾದ ನ್ಯಾಪಿ ಆ ದಾರಿಯಲ್ಲೇ ನಡೆದು ಒಂದು ಸುತ್ತಿಗೆ 64 ಪ್ಯಾಕೆಟ್ ಎಂಬ ಕಟ್ಟು ಹಾಕಿಕೊಂಡಿತು. ಸಾಫ್ಟ್‌ಐಆರ್‌ಕ್ಯೂಗೂ ಒಂದು ಕಟ್ಟು ಇದೆ: 2 ಮಿಲಿಸೆಕೆಂಡ್ ಅಥವಾ 10 ಸುತ್ತು ದಾಟಿದರೆ ಉಳಿದ ಕೆಲಸ ಕೆಸಾಫ್ಟ್‌ಐಆರ್‌ಕ್ಯೂಡಿ ಎಂಬ ಥ್ರೆಡ್‌ಗೆ ಹೋಗುತ್ತದೆ. ಆ ಥ್ರೆಡ್‌ನ ಆದ್ಯತೆ? ಬ್ರೌಸರಿಗೆ ಎಷ್ಟೋ ಅಷ್ಟೇ. ಯಂತ್ರದ ಮೇಲೆ ಹೊರೆ ಬಿದ್ದ ಹೊತ್ತಿನಲ್ಲೇ, ವೇಗ ನಿಜಕ್ಕೂ ಬೇಕಾದ ಹೊತ್ತಿನಲ್ಲೇ, ಟಾಸ್ಕ್‌ಲೆಟ್ ಒಂದು ಸಾಮಾನ್ಯ ಥ್ರೆಡ್‌ನ ಬಾಲವಾಗಿ ಸರದಿಯಲ್ಲಿ ನಿಲ್ಲಬೇಕಾಗಬಹುದು. ಬಾಯಿಪಾಠದ ಉತ್ತರದಲ್ಲಿ ಈ ಸಾಲು ಇರುವುದಿಲ್ಲ.

ಇರಬೇಕಿತ್ತು ಎನ್ನುವುದಕ್ಕೆ ಏಳು ವರ್ಷದ ಒಂದು ಕಥೆ ಸಾಕು. 2016ರಲ್ಲಿ ಕರ್ನಲ್‌ನ ನೆಟ್‌ವರ್ಕ್ ಭಾಗದ ಎರಿಕ್ ಡ್ಯುಮಾಜೆ ಒಂದು ಬದಲಾವಣೆ ತಂದರು. ನೆಟ್‌ವರ್ಕ್ ಹೊರೆಯಿಂದ ಬಳಕೆದಾರರ ಪ್ರೊಸೆಸ್‌ಗಳು ಉಸಿರುಗಟ್ಟಬಾರದು, ಹಾಗಾಗಿ ಕೆಸಾಫ್ಟ್‌ಐಆರ್‌ಕ್ಯೂಡಿ ಒಮ್ಮೆ ಎದ್ದರೆ ಉಳಿದದ್ದನ್ನು ಅದೇ ಮಾಡಲಿ, ನಡುವೆ ನುಗ್ಗಿ ಓಡುವುದು ಬೇಡ ಎಂಬುದು ಅದರ ಸಾರ. ನ್ಯಾಯವಾದ ಯೋಚನೆ. ಆದರೆ ಸಾಫ್ಟ್‌ಐಆರ್‌ಕ್ಯೂ ಎಂಬ ಒಂದೇ ಮೂಟೆಯಲ್ಲಿ ನೆಟ್‌ವರ್ಕ್ ಇದ್ದ ಹಾಗೆ ಟಾಸ್ಕ್‌ಲೆಟ್‌ಗಳೂ ಇದ್ದವು. ನೆಟ್‌ವರ್ಕಿಗೆ ಹಾಕಿದ ಕಡಿವಾಣ ಅವುಗಳ ಕುತ್ತಿಗೆಗೂ ಬಿತ್ತು. ಯುಎಸ್‌ಬಿಗೆ ಸಿಕ್ಕಿಸುವ ಡಿಜಿಟಲ್ ಟಿವಿ ಟ್ಯೂನರ್‌ಗಳ ಡೇಟಾ ಕಳೆದುಹೋಗತೊಡಗಿತು, ಏಕೆಂದರೆ ಯುಎಸ್‌ಬಿ ವರ್ಗಾವಣೆ ಮುಗಿದದ್ದನ್ನು ಡ್ರೈವರಿಗೆ ತಿಳಿಸುವ ಕೆಲಸ ಟಾಸ್ಕ್‌ಲೆಟ್‌ನಲ್ಲಿತ್ತು. 2018ರ ಜನವರಿಯಲ್ಲಿ ಲಿನಕ್ಸ್ ಜನಕ ಲಿನಸ್ ಟಾರ್ವಾಲ್ಡ್ಸ್ ಟಾಸ್ಕ್‌ಲೆಟ್‌ಗಳಿಗೆ ವಿನಾಯಿತಿ ಕೊಟ್ಟು ತೇಪೆ ಹಾಕಿದರು. 2023ರಲ್ಲಿ ಮೂಲ ಬದಲಾವಣೆಯನ್ನೇ ವಾಪಸ್ ತೆಗೆಯಲಾಯಿತು. ಟಿವಿ ಟ್ಯೂನರಿಗೂ ನೆಟ್‌ವರ್ಕ್ ಕಾರ್ಡಿಗೂ ಏನು ಸಂಬಂಧ? ಇಬ್ಬರೂ ಒಂದೇ ಮೂಟೆಯಲ್ಲಿ ಇದ್ದರು ಎನ್ನುವುದನ್ನು ಬಿಟ್ಟರೆ ಏನೂ ಇಲ್ಲ. ಸ್ವಂತ ಥ್ರೆಡ್ ಇದ್ದಿದ್ದರೆ ಒಬ್ಬರ ಹೊರೆಗೆ ಇನ್ನೊಬ್ಬರು ತಲೆ ಕೊಡಬೇಕಾಗಿರಲಿಲ್ಲ.

‘ಸರಿ, ಆದರೆ ಥ್ರೆಡ್ ಎಬ್ಬಿಸುವುದಕ್ಕೆ ಹೊತ್ತು ಹಿಡಿಯುತ್ತದಲ್ಲ?’ ಹಿಡಿಯುತ್ತದೆ. ಇವತ್ತಿನ ಪ್ರೊಸೆಸರಿನಲ್ಲಿ ಕೆಲವು ಮೈಕ್ರೊಸೆಕೆಂಡ್. ಅದನ್ನು ಸಾಧನದ ವೇಗದ ಪಕ್ಕದಲ್ಲಿಟ್ಟು ನೋಡಬೇಕು, ಒಂಟಿಯಾಗಿ ತೂಗಿ ಹೆದರಬಾರದು. 400 ಕಿಲೋಹರ್ಟ್ಜ್‌ನ ಐಟುಸಿ ಬಸ್ಸಿನಲ್ಲಿ ಕೂತ ಟಚ್ ಕಂಟ್ರೋಲರಿನಿಂದ ಒಂದು ಬೈಟ್ ತರಲು 9 ಗಡಿಯಾರ ಬಡಿತ ಬೇಕು, ಅಂದರೆ 22.5 ಮೈಕ್ರೊಸೆಕೆಂಡ್. ಬೆರಳಿನ ಜಾಗ ತಿಳಿಯಲು ಹನ್ನೆರಡು ಬೈಟ್ ಓದಿದರೆ 270 ಮೈಕ್ರೊಸೆಕೆಂಡ್ ಅಲ್ಲೇ ಹೋಯಿತು. 1,15,200 ಬಾಡ್‌ನ ಸೀರಿಯಲ್ ಪೋರ್ಟಿನಲ್ಲಿ ಒಂದು ಅಕ್ಷರಕ್ಕೆ ಸುಮಾರು 87 ಮೈಕ್ರೊಸೆಕೆಂಡ್, 16 ಬೈಟಿನ ಬಫರ್ ತುಂಬಲು 1.4 ಮಿಲಿಸೆಕೆಂಡ್. 48 ಕಿಲೋಹರ್ಟ್ಜ್ ಧ್ವನಿಯನ್ನು 256 ಫ್ರೇಮಿನ ಕಂತಿನಲ್ಲಿ ಕೊಟ್ಟರೆ ಕಂತಿಗೊಂದರಂತೆ ಬರುವ ಇಂಟರಪ್ಟ್‌ಗಳ ನಡುವೆ 5 ಮಿಲಿಸೆಕೆಂಡಿಗೂ ಹೆಚ್ಚು ಬಿಡುವು. ಇಂಥ ಸಾಧನಗಳ ಡ್ರೈವರಿನಲ್ಲಿ ನಾಲ್ಕೈದು ಮೈಕ್ರೊಸೆಕೆಂಡ್ ಉಳಿಸುತ್ತೇವೆ ಎಂದು ಟಾಸ್ಕ್‌ಲೆಟ್‌ಗೆ ಜೋತು ಬೀಳುವುದು ಎಂಜಿನಿಯರಿಂಗ್ ಅಲ್ಲ, ಮಡಿ.

10 ಗಿಗಾಬಿಟ್ ಈಥರ್ನೆಟ್ ಬೇರೆ ಮಾತು. ಅಲ್ಲಿ ಅತಿ ಚಿಕ್ಕ ಪ್ಯಾಕೆಟ್‌ಗಳು ಪೂರ್ತಿ ವೇಗದಲ್ಲಿ ಬಂದರೆ ಒಂದಕ್ಕೆ 67 ನ್ಯಾನೊಸೆಕೆಂಡ್ ಸಿಗುತ್ತದೆ. ಅಲ್ಲಿ ಸಾಫ್ಟ್‌ಐಆರ್‌ಕ್ಯೂ ಬೇಕು ಎಂದರೆ ಒಪ್ಪುತ್ತೇನೆ. (ಅಲ್ಲೂ 2021ರಲ್ಲಿ, 5.12ರಲ್ಲಿ, ನ್ಯಾಪಿಯನ್ನು ಥ್ರೆಡ್‌ನಲ್ಲಿ ಓಡಿಸುವ ಆಯ್ಕೆ ಬಂದಿದೆ. ಹೊರೆಯನ್ನು ಶೆಡ್ಯೂಲರ್ ಹಂಚಲಿ ಎಂದು ಕೇಳಿದವರು ನೆಟ್‌ವರ್ಕ್‌ನವರೇ.) ಆದರೆ ಟಾಸ್ಕ್‌ಲೆಟ್ ಇಟ್ಟುಕೊಂಡ ನೂರಾರು ಡ್ರೈವರ್‌ಗಳಲ್ಲಿ ಬಹುಪಾಲು ಆ ವರ್ಗದವಲ್ಲ. ನ್ಯಾನೊಸೆಕೆಂಡ್ ಎಣಿಸುವವರ ವಾದವನ್ನು ಸೀರಿಯಲ್ ಪೋರ್ಟಿನವರು ಎರವಲು ತಂದು ಮಾತಾಡುತ್ತಿದ್ದಾರೆ.

ಇನ್ನೊಂದು ತಪ್ಪುಗ್ರಹಿಕೆಯನ್ನೂ ಇಲ್ಲೇ ಬಿಡಿಸಬೇಕು. ಥ್ರೆಡ್ ಎಂದಾಕ್ಷಣ ‘ಬ್ರೌಸರಿನ ಹಿಂದೆ ಸರದಿ ನಿಲ್ಲಬೇಕು’ ಎಂದುಕೊಳ್ಳುತ್ತಾರೆ. ವರ್ಕ್‌ಕ್ಯೂ ವಿಷಯದಲ್ಲಿ ಅದು ಬಹುಮಟ್ಟಿಗೆ ನಿಜ. ಇಂಟರಪ್ಟ್ ಥ್ರೆಡ್ ಹುಟ್ಟುವುದೇ ರಿಯಲ್‌ಟೈಮ್ ಫಿಫೊ ವರ್ಗದಲ್ಲಿ, 50ರ ಆದ್ಯತೆಯೊಂದಿಗೆ. ಸಾಮಾನ್ಯ ಪ್ರೊಸೆಸ್ ಯಾವುದೇ ಇರಲಿ, ಅದನ್ನು ತಳ್ಳಿ ಓಡುತ್ತದೆ. ಇಂಟರಪ್ಟ್ ಯಾವ ಪ್ರೊಸೆಸರಿಗೆ ಬೀಳುತ್ತದೋ ಅಲ್ಲೇ ಇರುತ್ತದೆ, ಹಾಗಾಗಿ ಕ್ಯಾಶ್ ತಣ್ಣಗಾಗುತ್ತದೆ ಎಂಬ ದೂರೂ ನಿಲ್ಲುವುದಿಲ್ಲ. ಪಿಎಸ್ ಹೊಡೆದರೆ ಇಂಟರಪ್ಟ್ ಸಂಖ್ಯೆ ಮತ್ತು ಸಾಧನದ ಹೆಸರು ಹೊತ್ತು ಕಣ್ಣೆದುರು ನಿಲ್ಲುತ್ತದೆ. ಹೆಚ್ಚು ತಿಂದರೆ ಯಾರು ಎಂದು ಗೊತ್ತಾಗುತ್ತದೆ, ಒಂದು ಆಜ್ಞೆಯಲ್ಲಿ ಆದ್ಯತೆ ಏರಿಸಬಹುದು, ಇಳಿಸಬಹುದು. ಸೊಲಾರಿಸ್ 1990ರ ದಶಕದಲ್ಲೇ ಇಂಟರಪ್ಟ್‌ಗಳನ್ನು ಥ್ರೆಡ್ ಮಾಡಿತ್ತು, ಫ್ರೀಬಿಎಸ್‌ಡಿ 2003ರ 5.0ರಲ್ಲಿ ಮಾಡಿತು. ಅತ್ತ ವಿಂಡೋಸ್‌ನಲ್ಲಿ ಇದೇ ಕೆಲಸಕ್ಕೆ ಇರುವ ಡಿಪಿಸಿ 100 ಮೈಕ್ರೊಸೆಕೆಂಡ್ ಮೀರಬಾರದು ಎಂದು ಮೈಕ್ರೋಸಾಫ್ಟ್ ಹೇಳುತ್ತ ಬಂದಿದೆ. ಮೀರಿದಾಗ ಹಾಡು ಕೇಳುವವರ ಸ್ಪೀಕರ್ ಚಟಚಟ ಎನ್ನುತ್ತದೆ, ತೀರಾ ಮೀರಿದರೆ ಕಾವಲು ಗಡಿಯಾರ ಹೊಡೆದು ನೀಲಿ ಪರದೆ ಬರುತ್ತದೆ.

ನನ್ನ ವಿರೋಧಿಗಳ ಕೈಲಿರುವ ಒಳ್ಳೆಯ ದಾಖಲೆ ಡಿಎಂ-ಕ್ರಿಪ್ಟ್. ಡಿಸ್ಕಿನ ಮಾಹಿತಿಯನ್ನು ಗೂಢಲಿಪಿಯಲ್ಲಿ ಇಡುವ ಈ ಪದರದಲ್ಲಿ ವರ್ಕ್‌ಕ್ಯೂಗಳ ಸಾಲೇ ದೊಡ್ಡ ತಡೆ ಎಂದು ಕ್ಲೌಡ್‌ಫ್ಲೇರ್‌ನ ಎಂಜಿನಿಯರುಗಳು 2020ರಲ್ಲಿ ಅಳೆದು ತೋರಿಸಿದರು. ಸಾಲನ್ನು ದಾಟಿಹೋಗುವ ಆಯ್ಕೆ 5.9ರಲ್ಲಿ ಸೇರಿತು. ಡಿಸ್ಕ್ ಓದು ಮುಗಿದು ಇಂಟರಪ್ಟ್ ಬಂದಾಗ ನೇರ ಅಲ್ಲೇ ಗೂಢಲಿಪಿ ಬಿಡಿಸುವಂತಿಲ್ಲವಾದ್ದರಿಂದ ಆ ತುಣುಕಿಗೆ ಟಾಸ್ಕ್‌ಲೆಟ್ ಬಳಸಿದರು. ಅವರು ಅಳೆದಿದ್ದರು. ಅಳೆದವರ ಜೊತೆ ನನಗೆ ಜಗಳವಿಲ್ಲ.

ಆದರೆ ಆ ಟಾಸ್ಕ್‌ಲೆಟ್‌ಗೆ ಏನಾಯಿತು ನೋಡಿ. ಅದನ್ನು ಒಂದೊಂದು ಓದು-ಬರಹದ ವಿನಂತಿಯ ಒಳಗೇ ಇಟ್ಟಿದ್ದರು. ಅದರ ಕೆಲಸ ಮುಗಿಯಿತೆಂದರೆ ವಿನಂತಿಯೂ ಮುಗಿದು ಆ ಮೆಮೊರಿ ಬಿಡುಗಡೆಯಾಗಬಹುದು. ಟಾಸ್ಕ್‌ಲೆಟ್ ಯಂತ್ರಾಂಗವೋ, ಫಂಕ್ಷನ್ ಮುಗಿದ ಮೇಲೂ ‘ಓಡುತ್ತಿದೆ’ ಎಂಬ ಗುರುತನ್ನು ಅಳಿಸಲು ಅದೇ ಮೆಮೊರಿಯನ್ನು ಮತ್ತೆ ಮುಟ್ಟುತ್ತದೆ. ಆಗಲೇ ಬೇರೆಯವರ ಪಾಲಾದ ಮೆಮೊರಿಗೆ ಬರೆಯುವುದೆಂದರೆ ಏನಾದರೂ ಆಗಬಹುದು. ಡಿಸ್ಕಿನ ಪದರದಲ್ಲಿ ಹೀಗಾಗುವುದು ಹುಡುಗಾಟವಲ್ಲ. ತಪ್ಪು ಬಳಸಿದವರದು ಎಂದು ಜಾರಿಕೊಳ್ಳಲಾಗದು. ಫಂಕ್ಷನ್ ತನ್ನನ್ನು ಹೊತ್ತ ವಸ್ತುವನ್ನೇ ಬಿಡುಗಡೆ ಮಾಡುವುದು ವರ್ಕ್‌ಕ್ಯೂನಲ್ಲಿ ಸಲ್ಲುತ್ತದೆ, ಟಾಸ್ಕ್‌ಲೆಟ್‌ನ ಕಟ್ಟೋಣದಲ್ಲೇ ಅದಕ್ಕೆ ಜಾಗವಿಲ್ಲ. ಈ ಪ್ರಕರಣದ ಬೆನ್ನಲ್ಲೇ 2024ರಲ್ಲಿ ಟಾರ್ವಾಲ್ಡ್ಸ್ ಚುಚ್ಚಿ, ಟೆಜುನ್ ಹಿಯೊ ಬಿಎಚ್ (ಬಾಟಮ್ ಹಾಫ್) ವರ್ಕ್‌ಕ್ಯೂ ಎಂಬುದನ್ನು ಬರೆದರು. ಅದು 6.9ರಲ್ಲಿ ಬಂತು. ಹೊರಗಿನಿಂದ ನೋಡಲು ವರ್ಕ್‌ಕ್ಯೂ, ಒಳಗೆ ಓಡುವುದು ಸಾಫ್ಟ್‌ಐಆರ್‌ಕ್ಯೂ ಸಂದರ್ಭದಲ್ಲೇ.

ಇಲ್ಲಿಗೆ ಎದುರಾಳಿಗಳ ಎರಡನೆಯ ಗುಂಪು ಕಣಕ್ಕಿಳಿಯುತ್ತದೆ. ಇವರು ಟಾಸ್ಕ್‌ಲೆಟ್ ಸಾಯಬೇಕು ಎನ್ನುವವರು, ಆದರೆ ಸಾಯಿಸುವುದೆಂದರೆ ಹುಡುಕಿ-ಬದಲಿಸುವುದು ಎಂದು ನಂಬಿದವರು. 2007ರಲ್ಲಿ ಸ್ಟೀವನ್ ರೋಸ್ಟೆಡ್ ಎಲ್ಲ ಟಾಸ್ಕ್‌ಲೆಟ್‌ಗಳನ್ನೂ ಒಂದೇ ಹೊಡೆತಕ್ಕೆ ವರ್ಕ್‌ಕ್ಯೂ ಮಾಡುವ ಪ್ಯಾಚ್ ಸರಣಿ ಕಳಿಸಿದ್ದರು. ಅದು ಕರ್ನಲ್‌ಗೆ ಸೇರಲಿಲ್ಲ. 2020ರಲ್ಲಿ ಟಾಸ್ಕ್‌ಲೆಟ್ ಕಾಲ್‌ಬ್ಯಾಕ್‌ಗೆ ಪೂರ್ಣಾಂಕದ ವೇಷದಲ್ಲಿ ಪಾಯಿಂಟರ್ ಕಳಿಸುವ ಹಳೆಯ ಪದ್ಧತಿಯ ಬದಲಿಗೆ ಟಾಸ್ಕ್‌ಲೆಟ್‌ನ ಪಾಯಿಂಟರನ್ನೇ ಕೊಡುವ ಹೊಸ ಪದ್ಧತಿ ತಂದರು. ಟೈಮರ್‌ಗಳಿಗೆ 2017ರಲ್ಲಿ ಮಾಡಿದ್ದೂ ಅದೇ. ಭದ್ರತೆಯ ದೃಷ್ಟಿಯಿಂದ ಆಗಲೇಬೇಕಿದ್ದ ಕೆಲಸ, ನೂರಾರು ಕಡತಗಳಲ್ಲಿ ತಾಳ್ಮೆಯಿಂದ ಮಾಡಿದರು, ಮೆಚ್ಚಬೇಕು. ಅದೇ ಸುಮಾರಿಗೆ ಹೆಡರ್ ಕಡತದಲ್ಲೇ ‘ಇದನ್ನು ಬಿಡಿ, ಥ್ರೆಡೆಡ್ ಇಂಟರಪ್ಟ್ ಯೋಚಿಸಿ’ ಎಂಬ ಟಿಪ್ಪಣಿಯೂ ಬಂತು. ಈಗ ಬಿಎಚ್ ವರ್ಕ್‌ಕ್ಯೂ ಸಿಕ್ಕಿದ ಮೇಲೆ ಹೆಸರು ಬದಲಿಸುವುದು ಇನ್ನೂ ಸಲೀಸು. ಆದರೆ ಮೂರೂ ಸಂದರ್ಭದಲ್ಲಿ ಡ್ರೈವರಿಗೆ ಕೇಳಬೇಕಾದ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ: ಈ ಕೆಲಸ ನಿದ್ದೆಯಿಲ್ಲದ ಸಂದರ್ಭದಲ್ಲೇ ಏಕೆ ನಡೆಯಬೇಕು?

ಕೇಳಿದರೆ ಏನು ಸಿಗುತ್ತದೆ ಎನ್ನುವುದನ್ನು ಹಳೆಯ ಡ್ರೈವರ್ ಬಿಚ್ಚಿದವರು ಬಲ್ಲರು. ಟಾಸ್ಕ್‌ಲೆಟ್‌ನ ಒಳಗೆ ಸ್ಟೇಟಸ್ ರಿಜಿಸ್ಟರ್ ಸಿದ್ಧವಾಗಲಿ ಎಂದು 500 ಮೈಕ್ರೊಸೆಕೆಂಡ್‌ನ ಯುಡಿಲೇ ಇರುತ್ತದೆ. ಅಷ್ಟೂ ಹೊತ್ತು ಪ್ರೊಸೆಸರ್ ಸುಮ್ಮನೆ ಗಿರಕಿ ಹೊಡೆಯುತ್ತದೆ. ಬಿಎಚ್ ವರ್ಕ್‌ಕ್ಯೂಗೆ ಹೆಸರು ಬದಲಿಸಿದರೆ ಗಿರಕಿ ಹಾಗೇ ಉಳಿಯುತ್ತದೆ. ಥ್ರೆಡ್‌ಗೆ ತಂದು, ಯುಡಿಲೇ ಕಿತ್ತು, ನಿದ್ದೆ ಮಾಡುವ ಕಾಯುವಿಕೆ ಹಾಕಿದರೆ ಮಾತ್ರ ಆ 500 ಮೈಕ್ರೊಸೆಕೆಂಡ್ ಬೇರೆಯವರಿಗೆ ಮರಳುತ್ತದೆ. ಬಫರಿಗೆ ಮೆಮೊರಿ ಕೇಳುವಾಗ ‘ಅಟಾಮಿಕ್’ ಎಂದು ಕೇಳಿರುತ್ತಾರೆ, ಮೆಮೊರಿ ಬಿಗಿಯಾದಾಗ ಕೊಡುವವರಿಲ್ಲ, ಡೇಟಾ ಬಿಸಾಡಬೇಕು. ಥ್ರೆಡ್ ಆದರೆ ಕಾದು ಪಡೆಯಬಹುದು. ಟಾಸ್ಕ್‌ಲೆಟ್ ಜೊತೆ ಹಂಚಿಕೊಂಡ ಡೇಟಾಕ್ಕೆ ಡ್ರೈವರಿನ ಉಳಿದ ಭಾಗವೆಲ್ಲ ಬಾಟಮ್ ಹಾಫ್ ತಡೆಯುವ ಸ್ಪಿನ್‌ಲಾಕ್ ಹಿಡಿಯುತ್ತದೆ, ಹಿಡಿದಾಗಲೆಲ್ಲ ಆ ಪ್ರೊಸೆಸರಿನ ಇಡೀ ಸಾಫ್ಟ್‌ಐಆರ್‌ಕ್ಯೂ ನಿಲ್ಲುತ್ತದೆ. ಥ್ರೆಡ್ ಬಂದರೆ ಮ್ಯೂಟೆಕ್ಸ್ ಸಾಕು. ಡ್ರೈವರ್ ತೆಗೆಯುವಾಗಿನ ಗೊಂದಲವಂತೂ ಹೇಳತೀರದು. ಇಂಟರಪ್ಟ್ ಬಿಡಿಸಿಕೊಳ್ಳುವ ಮೊದಲೇ ಟಾಸ್ಕ್‌ಲೆಟ್ ಕೊಂದರೆ, ನಡುವೆ ಬಂದ ಒಂದು ಇಂಟರಪ್ಟ್ ಅದನ್ನು ಮತ್ತೆ ಎಬ್ಬಿಸುತ್ತದೆ, ಅಷ್ಟರಲ್ಲಿ ಡ್ರೈವರಿನ ಮೆಮೊರಿ ಹೋಗಿರುತ್ತದೆ. ಥ್ರೆಡೆಡ್ ಇಂಟರಪ್ಟ್‌ನಲ್ಲಿ ಫ್ರೀ_ಐಆರ್‌ಕ್ಯೂ ಒಂದನ್ನು ಕರೆದರೆ ಹ್ಯಾಂಡ್ಲರೂ ನಿಂತಿತು, ಥ್ರೆಡ್ಡೂ ನಿಂತಿತು.

ಈ ಲಾಭ ಯಾವುದೂ ಯಾಂತ್ರಿಕ ಬದಲಾವಣೆಯಿಂದ ಬರುವುದಿಲ್ಲ. ಯಾಂತ್ರಿಕವಾಗಿ ಮಾಡಿದ್ದಕ್ಕೆ ಕಮಿಟ್ ಸಂದೇಶದಲ್ಲಿ ‘ನಡವಳಿಕೆಯಲ್ಲಿ ಬದಲಾವಣೆ ಇಲ್ಲ’ ಎಂದು ಹೆಮ್ಮೆಯಿಂದ ಬರೆಯುತ್ತಾರೆ. ನಡವಳಿಕೆಯೇ ರೋಗವಾಗಿದ್ದಾಗ ಅದು ಹೆಮ್ಮೆಯ ಮಾತು ಹೇಗಾಗುತ್ತದೆ?

ಹಿಯೊ ಅವರ ಪರವಾಗಿ ಒಂದು ಮಾತು ಹೇಳಲೇಬೇಕು. ಬಿಎಚ್ ವರ್ಕ್‌ಕ್ಯೂನಿಂದ ಸಾಮಾನ್ಯ ವರ್ಕ್‌ಕ್ಯೂಗೆ ದಾಟಲು ಆಮೇಲೆ ಒಂದು ಫ್ಲ್ಯಾಗ್ ತೆಗೆದರೆ ಸಾಕು, ಹಾಗಾಗಿ ಇದು ಮೆಟ್ಟಿಲು, ಮನೆಯಲ್ಲ ಎನ್ನಬಹುದು. ಒಳ್ಳೆಯ ವಾದ. ಅನುಭವ ಬೇರೆ ಹೇಳುತ್ತದೆ. ಕರ್ನಲ್‌ನಲ್ಲಿ ಇನ್ನೇನು ಹೋಗುತ್ತದೆ ಎಂದದ್ದು ಎಷ್ಟು ಬಾಳುತ್ತದೆ ಎನ್ನುವುದಕ್ಕೆ, 2007ರಲ್ಲೇ ಮರಣಶಾಸನ ಬರೆಸಿಕೊಂಡು ಇಷ್ಟು ವರ್ಷ ಗಟ್ಟಿಯಾಗಿ ನಿಂತ ಟಾಸ್ಕ್‌ಲೆಟ್ಟೇ ಸಾಕ್ಷಿ. ಫ್ಲ್ಯಾಗ್ ತೆಗೆಯುವ ದಿನ ಯಾರು ಬರುತ್ತಾರೆ? ಕಡತವನ್ನು ಇವತ್ತು ತೆರೆದವರು ಇವತ್ತೇ ಕೇಳಬೇಕಾದ ಪ್ರಶ್ನೆಯನ್ನು ನಾಳೆ ಕೇಳಲು ಇನ್ನೊಬ್ಬರು ಅದೇ ಕಡತವನ್ನು ಮತ್ತೆ ತೆರೆಯಬೇಕು.

ಕಾಲವೂ ಬದಲಾಗಿದೆ. ಇಪ್ಪತ್ತು ವರ್ಷ ಹೊರಗೇ ಬೆಳೆದ ರಿಯಲ್‌ಟೈಮ್ ಬೆಂಬಲ 2024ರ ನವೆಂಬರಿನಲ್ಲಿ ಬಿಡುಗಡೆಯಾದ 6.12ರಲ್ಲಿ ಮುಖ್ಯ ಕರ್ನಲ್‌ಗೆ ಸೇರಿತು. ಆ ವಿಧದಲ್ಲಿ ಕಟ್ಟಿದ ಕರ್ನಲ್‌ನಲ್ಲಿ ಇಂಟರಪ್ಟ್ ಹ್ಯಾಂಡ್ಲರ್‌ಗಳೆಲ್ಲ, ಥ್ರೆಡ್ ಮಾಡುವಂತಿಲ್ಲದ ಕೆಲವನ್ನು ಬಿಟ್ಟು, ಬಲವಂತವಾಗಿ ಥ್ರೆಡ್ ಆಗುತ್ತವೆ. ಟಾಸ್ಕ್‌ಲೆಟ್‌ಗಳೂ ಥ್ರೆಡ್ಡಿನಲ್ಲೇ ಓಡುತ್ತವೆ, ಆದರೆ ಯಾರ ಆದ್ಯತೆ ಎಂದು ಹೇಳಲಾಗದ ಗೋಜಲಿನಲ್ಲಿ. ಬಾಟಮ್ ಹಾಫ್ ತಡೆ 6.12ರಲ್ಲಿ ಪ್ರೊಸೆಸರಿಗೊಂದು ದೊಡ್ಡ ಬೀಗವಾಗಿತ್ತು. ಯಾವುದೋ ಕೆಲಸಕ್ಕೆ ಬಾರದ ಸಾಧನದ ಟಾಸ್ಕ್‌ಲೆಟ್ ಆ ಬೀಗ ಹಿಡಿದು ಕೂತರೆ ಮೋಟಾರ್ ನಿಯಂತ್ರಿಸುವ ಥ್ರೆಡ್ ಬಾಗಿಲಲ್ಲಿ ನಿಲ್ಲಬೇಕಾಗುತ್ತಿತ್ತು. ವಾಹನ, ರೋಬೋಟ್, ಕಾರ್ಖಾನೆಯ ಯಂತ್ರಗಳಿಗೆ ಬೋರ್ಡ್ ತಯಾರಿಸುವ ತಂಡಗಳು ಬೆಂಗಳೂರಿನಲ್ಲಿ ಬೇಕಾದಷ್ಟಿವೆ. ‘ನಮ್ಮ ಡ್ರೈವರ್ ಹತ್ತು ವರ್ಷದಿಂದ ನಡೀತಿದೆ’ ಎಂಬ ಅವರ ಸಮಾಧಾನ ಹಳೆಯ ಕರ್ನಲ್‌ನ ಸಮಾಧಾನ.

ಕೊನೆಯ ಆಕ್ಷೇಪಣೆ ಪ್ರಾಮಾಣಿಕವಾದದ್ದು: ಹಾರ್ಡ್‌ವೇರ್ ಇಲ್ಲ, ಪರೀಕ್ಷಿಸದೆ ಲಾಕ್‌ಗಳನ್ನೆಲ್ಲ ಬದಲಿಸುವುದು ಹೇಗೆ? ಬದಲಿಸಬೇಡಿ. ಸಾಧನ ಯಾರ ಮೇಜಿನ ಮೇಲಾದರೂ ಇದೆಯೇ ಎಂದು ಮೊದಲು ಕೇಳಿ. ಇದ್ದರೆ ಅವರ ಕೈಯಲ್ಲಿ ಥ್ರೆಡ್ ಪ್ಯಾಚ್ ಪರೀಕ್ಷಿಸಿ, ಲೇಟೆನ್ಸಿ ಅಳೆದು, ಅಂಕಿಯನ್ನು ಕಮಿಟ್ ಸಂದೇಶದಲ್ಲೇ ಬರೆಯಿರಿ. ಅಂಕಿ ಕೆಟ್ಟದಾಗಿ ಬಂದರೆ ಬಿಎಚ್ ವರ್ಕ್‌ಕ್ಯೂ ಇರಲಿ, ಕಾರಣ ಕಾಗದದ ಮೇಲಿದೆ. ಯಾರ ಬಳಿಯೂ ಇಲ್ಲದಿದ್ದರೆ ಆ ಡ್ರೈವರನ್ನು ಆಧುನಿಕಗೊಳಿಸುವ ಪ್ರಮೇಯವೇ ಇಲ್ಲ, ಅಳಿಸಿಹಾಕಿ. ಇಟೇನಿಯಂನಂಥ ಇಡೀ ಪ್ರೊಸೆಸರ್ ಕುಲವನ್ನೇ 6.7ರಲ್ಲಿ ತೆಗೆದುಹಾಕಿದವರಿಗೆ ಒಂದು ಸತ್ತ ಕಾರ್ಡಿನ ಸಾವಿರ ಸಾಲು ಅಳಿಸುವುದು ಕಷ್ಟವಲ್ಲ, ಬೇಕೆಂದವರಿಗೆ ಗಿಟ್‌ನಲ್ಲಿ ಅದು ಇದ್ದೇ ಇರುತ್ತದೆ.